ಮೂರನೆಯ ಸಲ ಕೇಳಲಿಲ್ಲ

ಅವತ್ತು ನಾನು ಹೋಗಲೇಬಾರದಿತ್ತು. ತಲೆನೋವು ಎಂದು ಮುಸುಕೆಳೆದು ಮಲಗಿಬಿಡಬೇಕಿತ್ತು. ಆದರೆ ನನ್ನ ಗೆಳತಿ ರಮಾಮಣಿ ಹಿಂದಿನ ದಿನವೇ ಪುಳಿಯೋಗರೆ ಕಲಸಿಟ್ಟಿದ್ದಳು. ಅವಳ ಗಂಡ ದಿವಾಕರ ಹಕ್ಕಿ ನೋಡಲೆಂದೇ ಹೊಸ ಬೈನಾಕ್ಯುಲರ್ ಕೊಂಡಿದ್ದರು. ನಮ್ಮ ಮನೆಯ ಮಹಾರಾಯರಂತೂ ಬೆಳಿಗ್ಗೆ ಆರಕ್ಕೇ ರಬ್ಬರ್ ಬೂಟು ಹಾಕಿಕೊಂಡು ಸೋಫಾದ ಮೇಲೆ ತಯಾರಾಗಿ ಕೂತಿದ್ದರು. ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿ ನಮ್ಮದು ಹದಿನೇಳನೆಯ ಮಹಡಿ, ಕಿಟಕಿ ತುಂಬ ಸೇತುವೆ, ಕೆಳಗೆ ನದಿ, ಕೆನೆಬಣ್ಣದ ಕಾರ್ಪೆಟ್ಟು, ಅದರ ಮೇಲೆ ಕುರಿಹಿಕ್ಕೆ ಮೆತ್ತಿದ ಬೂಟು!

"ರೀ, ಆ ಬೂಟು ಅಲ್ಲಿಗೆ ಹೋಗಿ ಹಾಕ್ಕೊಂಡ್ರೆ ಆಗಲ್ವಾ?" ಎಂದೆ.

"ತೊಳದೀನಿ," ಎಂದರು. ತೊಳೆದಿರಲಿಲ್ಲ.

ಇವರ ಹೆಸರು ಸಿದ್ದರಾಮಪ್ಪ, ಧಾರವಾಡದ ಕಡೆಯವರು. ಔಷಧ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಕ್ರ್ಯಾನ್‌ಬರಿಯ ಒಂದು ಕಂಪನಿಯಲ್ಲಿ ಇಪ್ಪತ್ತಾರು ವರ್ಷ ದುಡಿದರು. ಕ್ರ್ಯಾನ್‌ಬರಿ ಎಲ್ಲಿ, ಫೋರ್ಟ್ ಲೀ ಎಲ್ಲಿ! ದಿನಾ ಹೋಗಿ ಬರಲು ಮೂರು ಗಂಟೆ ಕಾರಿನಲ್ಲೇ ಕಳೆಯುತ್ತಿತ್ತು. ನನ್ನ ಕೆಲಸ ಸೇತುವೆಯಾಚೆ ಮ್ಯಾನ್‌ಹ್ಯಾಟನ್ನಿನಲ್ಲಿತ್ತು, ನನಗೆ ಸೇತುವೆಯ ಹತ್ತಿರವೇ ಮನೆ ಬೇಕಿತ್ತು, ಅದಕ್ಕೆ ಅವರು ಕಮ್ಯೂಟ್ ಮಾಡಿದರು. ಒಂದು ದಿನವೂ ಗೊಣಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನಾನು ಮುಚ್ಚಿಟ್ಟೆ ಎನ್ನಬಾರದು.

ಎರಡು ವರ್ಷದ ಹಿಂದೆ ರಿಟೈರ್ ಆದರು. ಆಗ ನಮ್ಮ ಕನ್ನಡ ಕೂಟದವರು ಒಂದು ಹೈಕಿಂಗ್ ಇಟ್ಟುಕೊಂಡಿದ್ದರು, ನ್ಯೂಜೆರ್ಸಿಯ ವಾಯವ್ಯ ಮೂಲೆಯಲ್ಲಿ. ನ್ಯೂಜೆರ್ಸಿ ಎಂದರೆ ವೇರ್‌ಹೌಸು, ಟೋಲು, ಟ್ರಾಫಿಕ್ಕು ಎಂದುಕೊಂಡವರು ಒಮ್ಮೆ ಅಲ್ಲಿಗೆ ಹೋಗಬೇಕು. ಎಂಬತ್ತನೇ ಹೈವೇ ಬಿಟ್ಟು ಬಡಗಣಕ್ಕೆ ತಿರುಗಿದರೆ ಊರುಗಳು ಚಿಕ್ಕದಾಗುತ್ತಾ ಹೋಗಿ ಕೊನೆಗೆ ಇಲ್ಲವೇ ಆಗುತ್ತವೆ. ಕಡೆಯ ಆರು ಮೈಲಿ ಜಲ್ಲಿ ರಸ್ತೆ. ಫೋನು ಸತ್ತುಹೋಗುತ್ತದೆ. ಬೆಟ್ಟದ ಬುಡದಲ್ಲಿ ಮುನ್ನೂರು ಎಕರೆ ಹುಲ್ಲುಗಾವಲು, ಸುತ್ತಲೂ ಕಾಡು. ಕರಡಿಗಳಿವೆ ಎಂದು ಬೋರ್ಡೇ ಹಾಕಿದ್ದಾರೆ.

ಒಂದು ಕಾಲಕ್ಕೆ ಅದು ವ್ಯಾನ್ ಓರ್ಡನ್ ಎಂಬ ಮನೆತನದ ಕುರಿಫಾರಮ್ಮು. ಐದು ತಲೆಮಾರು ಕುರಿ ಸಾಕಿದರಂತೆ. ಉಣ್ಣೆಗೆ ಬೆಲೆ ಹೋಯಿತು, ಕುರಿ ಮಾರಿದರು, ಜಮೀನನ್ನು ನಿಸರ್ಗ ಕಾಯುವ ಒಂದು ಟ್ರಸ್ಟಿಗೆ ಕೊಟ್ಟರು. ಕುರಿ ಹೋದ ಮೇಲೆ ಮುಳ್ಳುಪೊದೆ ಬೆಳೆಯಿತು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು ಹೊರಟುಹೋದವು. ಹುಲ್ಲು ಉಳಿಯಬೇಕಾದರೆ ಕುರಿ ಮೇಯಬೇಕು ಎಂದು ಟ್ರಸ್ಟಿನವರಿಗೆ ತಿಳಿಯುವಷ್ಟರಲ್ಲಿ ಮೂವತ್ತು ವರ್ಷ ಕಳೆದಿತ್ತು. ಈಗ ನಲವತ್ತು ಕುರಿ ತಂದುಬಿಟ್ಟಿದ್ದಾರೆ. ನೋಡಿಕೊಳ್ಳುವವನು ಆ ಮನೆತನದ ಕೊನೆಯ ಕುಡಿ, ಎಪ್ಪತ್ತು ದಾಟಿದ ಡೇಲ್ ವ್ಯಾನ್ ಓರ್ಡನ್. ಹುಲ್ಲುಗಾವಲಿನ ಅಂಚಿಗೆ ಒಂದು ಹಳೆಯ ಕಲ್ಲುಮನೆ ಇದೆ, ಅದರಲ್ಲೇ ವಾಸ.

ಹೈಕಿಂಗಿಗೆ ಬಂದವರೆಲ್ಲ ಜಲಪಾತಕ್ಕೆ ಹೋದರು. ಇವರು ಕುರಿ ಬೇಲಿಯ ಹತ್ತಿರ ನಿಂತವರು ಎರಡು ಗಂಟೆ ಕದಲಲಿಲ್ಲ. ಮುಂದಿನ ಶನಿವಾರ ಒಬ್ಬರೇ ಹೋದರು. ಅದರ ಮುಂದಿನ ಶನಿವಾರವೂ. ವಾಲಂಟಿಯರ್ ಎಂದು ಹೆಸರು ಬರೆಸಿದರು. ಗೊರಸು ಕತ್ತರಿಸುವುದು, ಬೇಲಿ ಎತ್ತಿ ಇನ್ನೊಂದು ಕಡೆ ನೆಡುವುದು, ಮರಿ ಹಾಕಿಸುವುದು. ಮನೆಗೆ ಬಂದರೆ ಮೈಯೆಲ್ಲ ಕುರಿ ವಾಸನೆ. ಬೇರೆಯವರ ಗಂಡಂದಿರು ರಿಟೈರ್ ಆಗಿ ಗಾಲ್ಫ್ ಕಲಿತರು. ನನ್ನ ಹಣೆಬರಹಕ್ಕೆ ಇದು ಬಂತು.

ನನ್ನ ಸಿಟ್ಟಿಗೆ ಬೇರೆಯೇ ಕಾರಣವಿತ್ತು. ಇವರ ಅಪ್ಪ ಕುರಿ ಕಾಯುತ್ತಿದ್ದವರು. ಸ್ವಂತ ಹೊಲವಿರಲಿಲ್ಲ, ಮಂದೆ ಹೊಡೆದುಕೊಂಡು ಊರಿಂದೂರಿಗೆ ಹೋಗಿ, ಗೊಬ್ಬರಕ್ಕೆಂದು ಗೌಡರ ಹೊಲಗಳಲ್ಲಿ ರಾತ್ರಿ ಕುರಿ ತರುಬಿ ಕೂಡಿಹಾಕುತ್ತಿದ್ದರು. ನಾನು ಮೈಸೂರಿನ ಬ್ಯಾಂಕ್ ಮ್ಯಾನೇಜರನ ಮಗಳು. ಮದುವೆಯ ಮಾತೆತ್ತಿದಾಗ ನನ್ನಪ್ಪ ಕೇಳಿದ್ದು ಒಂದೇ ಪ್ರಶ್ನೆ, ಹುಡುಗನ ತಂದೆ ಏನು ಮಾಡುತ್ತಾರೆ ಎಂದು. "ಜಮೀನು ನೋಡ್ಕೋತಾರೆ" ಎಂದೆ. ಅಲ್ಲಿಂದ ಶುರುವಾದದ್ದು ಮೂವತ್ತೈದು ವರ್ಷ ನಡೆಯಿತು. ಕೂಟದಲ್ಲಿ ಯಾರಾದರೂ ಮೆಲ್ಲಗೆ, ನಿಮ್ಮವರ ಕಡೆ ಏನು, ಎಂದು ಕೆದಕಿದರೆ ನಾನೇ ಮಾತು ತಿರುಗಿಸುತ್ತಿದ್ದೆ. ಎಷ್ಟು ಜಾಣತನದಿಂದ ಮುಚ್ಚಿಟ್ಟಿದ್ದೆ! ಈಗ ಈ ಮನುಷ್ಯ ಅರವತ್ತೇಳನೆಯ ವಯಸ್ಸಿಗೆ ಕೋಲು ಹಿಡಿದು ಎಲ್ಲರೆದುರು ನಿಲ್ಲಲು ಹೊರಟಿದ್ದರು.

ಚಳಿಗಾಲದಲ್ಲಿ ಒಂದು ದಿನ ಹೇಳಿದರು. ಡೇಲನ ಮಂಡಿ ಕೆಟ್ಟಿದೆ, ಅಕ್ಟೋಬರಿನಲ್ಲಿ ಮಗಳ ಮನೆಗೆ ಹೋಗುತ್ತಾನೆ, ಆ ಕಲ್ಲುಮನೆಗೂ ಕುರಿಗಳಿಗೂ ಯಾರಾದರೂ ಬೇಕು.

"ಹೋಗೂಣೇನು, ಕಲಾ?" ಎಂದರು. ಹುಡುಗನ ಹಾಗೆ ಕೇಳಿದರು.

"ನೋಡೋಣ," ಎಂದೆ.

ನಮ್ಮ ಕಡೆ ಹಾಗೆಂದರೆ ಆಗುವುದಿಲ್ಲ ಎಂದೇ. ಮುಖಕ್ಕೆ ಹೊಡೆದ ಹಾಗೆ ಹೇಳುವುದಿಲ್ಲ ಅಷ್ಟೇ. ಇಷ್ಟು ವರ್ಷ ಸಂಸಾರ ಮಾಡಿಯೂ ಇವರಿಗೆ ಅದು ತಲೆಗೆ ಹೋಗಿರಲಿಲ್ಲ. ನಾನು ಒಪ್ಪಿದೆ ಎಂದೇ ತಿಳಿದುಕೊಂಡರು.

ಹೀಗೆ ಆ ಜೂನ್ ಶನಿವಾರ ನಾವು ನಾಲ್ವರು ಹೊರಟೆವು. ದಿವಾಕರ ದಾರಿಯುದ್ದಕ್ಕೂ ಜೋಕು ಹೇಳಿದರು. ಹುಲ್ಲುಗಾವಲು ಮುಟ್ಟಿದಾಗ ಹತ್ತೂವರೆ. ಹುಲ್ಲು ಮೊಣಕಾಲುದ್ದ ಬೆಳೆದಿತ್ತು, ಗಾಳಿಗೆ ಒಂದೇ ಸಮ ಮಲಗಿ ಏಳುತ್ತಿತ್ತು. ಚೆನ್ನಾಗಿತ್ತು, ಇಲ್ಲವೆನ್ನುವುದಿಲ್ಲ. ಚೆನ್ನಾಗಿರುವ ಜಾಗಗಳನ್ನು ನೋಡಿಕೊಂಡು ಮನೆಗೆ ಬರಬೇಕು, ಅಲ್ಲೇ ಹೋಗಿ ಬಿದ್ದುಕೊಳ್ಳಬಾರದು.

ಕುರಿಗಳು ದೂರದ ಇಳಿಜಾರಿನಲ್ಲಿದ್ದವು. ಇವರು ಬೇಲಿಯ ಬಾಗಿಲಲ್ಲಿ ನಿಂತು ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಒಂದು ಸದ್ದು ಮಾಡಿದರು. ನನ್ನ ಎದುರು ಯಾವತ್ತೂ ಮಾಡಿರದ ಸದ್ದು. ನಲವತ್ತು ತಲೆಗಳೂ ಒಟ್ಟಿಗೇ ಮೇಲೆದ್ದವು, ಒಟ್ಟಿಗೇ ಇತ್ತ ಓಡಿಬಂದವು.

"ಅಯ್ಯಯ್ಯೋ!" ಎಂದು ರಮಾಮಣಿ ಚಪ್ಪಾಳೆ ತಟ್ಟಿದಳು. "ಏನ್ ಕಲಾ, ನಿಮ್ಮವರು ಚಿಕ್ಕಂದಿನಲ್ಲಿ ಕುರಿ ಕಾಯ್ತಿದ್ರಾ?"

"ಇಲ್ಲಪ್ಪ, ಎಲ್ಲಾ ಯೂಟ್ಯೂಬ್ ನೋಡಿ ಕಲ್ತಿದ್ದು," ಎಂದು ನಕ್ಕೆ.

ಇವರು ತಿರುಗಿ ನೋಡಿದರು. "ಕಾದೀನ್ರಿ," ಎಂದರು ರಮಾಮಣಿಗೆ. "ಹದಿನಾರು ವರ್ಷದವನಾಗೂ ತನಕ. ನಮ್ಮಪ್ಪಂದು ನೂರಾ ಇಪ್ಪತ್ತು ಕುರಿ ಇದ್ವು."

"ಹೌದಾ? ಸೋ ಸ್ವೀಟ್!" ಎಂದಳು ರಮಾಮಣಿ. ದಿವಾಕರ ಬೈನಾಕ್ಯುಲರನ್ನು ಕಣ್ಣಿಗೇರಿಸಿ ಇಲ್ಲದ ಹಕ್ಕಿಯನ್ನು ಹುಡುಕತೊಡಗಿದರು. ನನ್ನ ಕಿವಿ ಕಾದುಹೋಯಿತು. ಆ ಸ್ವೀಟ್ ಎಂಬ ಮಾತು ಮುಂದಿನ ವಾರದೊಳಗೆ ಎಡಿಸನ್ನಿನಿಂದ ಪ್ರಿನ್ಸ್‌ಟನ್ ತನಕ ಕನ್ನಡದವರ ಮನೆಮನೆಯಲ್ಲೂ ಹೇಗೆ ಓಡಾಡುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಆಮೇಲೆ ನನ್ನೊಬ್ಬಳನ್ನೇ ಕರೆದುಕೊಂಡು ಹೋಗಿ ಕಲ್ಲುಮನೆ ತೋರಿಸಿದರು. ತಗ್ಗು ಬಾಗಿಲು, ಕಟ್ಟಿಗೆ ಒಲೆ, ಬಾವಿಯ ನೀರು. ತೆಂಕಣ ಕೋಣೆಯಲ್ಲಿ ನಿಂತು ಗೋಡೆ ತಟ್ಟಿದರು.

"ಇಲ್ಲಿ ನಿನ್ನ ಟೇಬಲ್ ಇಡೂಣು. ಇಂಟರ್ನೆಟ್ ಲೈನ್ ಎಳಸ್ತಾರಂತ, ಕೇಳೀನಿ. ಭಾನುವಾರದ ನಿನ್ನ ಕನ್ನಡ ಕ್ಲಾಸ್ ಇಲ್ಲಿಂದನ ಮಾಡಬಹುದು. ಬೆಳಕು ನೋಡು ಹೆಂಗ ಬರತೈತಿ."

ಬೆಳಕು ಬರುತ್ತಿತ್ತು. "ಹಾಲು ತರಕ್ಕೆ ಎಷ್ಟು ದೂರ?" ಎಂದು ಕೇಳಿದೆ. ಹನ್ನೆರಡು ಮೈಲಿಯಂತೆ.

ಮಧ್ಯಾಹ್ನ ಕಲ್ಲುಮನೆಯ ಜಗಲಿಯ ಮೇಲೆ ಊಟಕ್ಕೆ ಕೂತೆವು. ಡೇಲನೂ ಬಂದ. ಉದ್ದಕ್ಕಿದ್ದ, ಒಂದು ಕಾಲು ಎಳೆಯುತ್ತಿದ್ದ, ಮಾತು ಕಡಿಮೆ. ರಮಾಮಣಿ ಪುಳಿಯೋಗರೆ ಬಡಿಸಿದಳು. ಚೆನ್ನಾಗಿದೆ ಎಂದು ಪೂರ್ತಿ ತಿಂದ. ಇನ್ನೂ ಸ್ವಲ್ಪ ಎಂದಳು. ಸಾಕು ಎಂದ. ಅವಳು ಬಿಡುತ್ತಾಳೆಯೇ? ಒಂದು ಸೌಟು ಸುರಿದೇಬಿಟ್ಟಳು. ಅವನು ತಟ್ಟೆಯನ್ನೂ ಅವಳನ್ನೂ ನೋಡಿ, ಮುಟ್ಟದೆ ಪಕ್ಕಕ್ಕಿಟ್ಟ. ಅವನಿಗೆ ಸಾಕು ಎಂದರೆ ಸಾಕು.

ಕೈ ಒರೆಸಿಕೊಂಡು ಇವರ ಕಡೆ ತಿರುಗಿದ. "ಸಿಡ್, ನಾನು ಅಕ್ಟೋಬರಲ್ಲಿ ಹೋಗ್ತಿದೀನಿ. ಯಾರನ್ನು ಆರಿಸಬೇಕು ಅನ್ನೋದನ್ನ ಟ್ರಸ್ಟ್ ನನಗೇ ಬಿಟ್ಟಿದೆ. ಈ ಮನೆ, ಕುರಿಗಳು ಎರಡನ್ನೂ ನೀನೇ ನೋಡ್ಕೋಬೇಕು ಅಂತ ನನ್ನಾಸೆ. ಏನಂತೀಯ?" ಇಂಗ್ಲಿಷಿನಲ್ಲಿ ಹೇಳಿದ ಮಾತು ಇಷ್ಟೇ, ಸುತ್ತಿಲ್ಲ ಬಳಸಿಲ್ಲ.

ಇವರ ಮುಖ ನೋಡಬೇಕಿತ್ತು. ಕುತ್ತಿಗೆಯಿಂದ ಕೆಂಪೇರಿತು. ನಮ್ಮ ಮಗಳು ವಿಭಾ ಹುಟ್ಟಿದ ದಿನವೂ ಆ ಮುಖ ಹಾಗಾಗಿರಲಿಲ್ಲ.

"ನೋ ನೋ, ಡೇಲ್," ಎಂದರು. "ನಾನು ಮುದುಕ. ಯಾರಾದರೂ ಚಿಕ್ಕ ವಯಸ್ಸಿನವರಿಗೆ ಕೊಡು. ನನಗೆ ಯಾಕೆ ಇದೆಲ್ಲ?"

ದಿವಾಕರ ಕಿಸಕ್ಕನೆ ನಕ್ಕು ಕನ್ನಡದಲ್ಲಿ, "ಒಳಗೊಳಗೇ ಕುಣೀತಿದಾನೆ, ನೋಡ್ರಿ, ಬಾಯಲ್ಲಿ ಬೇಡ ಅಂತಾನೆ," ಎಂದರು. ರಮಾಮಣಿಯೂ ನಕ್ಕಳು. ಡೇಲ್ ಅವರಿಬ್ಬರನ್ನೂ ನೋಡಿದ. ನಗುವಂಥದ್ದು ಏನು ಹೇಳಿದೆ ಎಂದು ಅವನಿಗೆ ತಿಳಿಯಲಿಲ್ಲ.

"ಖಂಡಿತಾನಾ, ಸಿಡ್?"

"ಖಂಡಿತ. ನನಗಿಂತ ಒಳ್ಳೆಯವರು ಸಿಗ್ತಾರೆ."

"ಸರಿ," ಎಂದ ಡೇಲ್. ಕೋಲೂರಿ ಎದ್ದು ಒಳಗೆ ಹೋದ.

ಇವರು ಅವನ ಬೆನ್ನನ್ನೇ ನೋಡುತ್ತಾ ಕೂತರು. ಇನ್ನೊಂದು ಸಲ ಕೇಳುತ್ತಾನೆ ಎಂದು ಕಾಯುತ್ತಿದ್ದರು. ನನಗೆ ಗೊತ್ತಿತ್ತು. ಕುರಿ ತರುಬಿದ ಹೊಲಕ್ಕೆ ಗೌಡರ ಮನೆಯಿಂದ ಬುತ್ತಿ ಬಂದರೆ ಇವರಪ್ಪ ಮೊದಲ ಸಲ "ಬ್ಯಾಡ್ರಿ, ಉಂಡೇವಿ" ಎನ್ನುತ್ತಿದ್ದರಂತೆ. ಎರಡನೆಯ ಸಲವೂ ಬೇಡ. ಮೂರನೆಯ ಸಲ ಕೇಳಿದರೆ ಮಾತ್ರ ಎರಡೂ ಕೈಯಲ್ಲಿ ತೆಗೆದುಕೊಳ್ಳುವುದು. ಹೊಟ್ಟೆ ಎಷ್ಟೇ ಹಸಿದಿರಲಿ, ಅಷ್ಟರವರೆಗೆ ತಡೆಯಬೇಕು. ನಮ್ಮ ಮೈಸೂರಿನ ಮನೆಗೆ ಮೊದಲ ಸಲ ಬಂದಾಗ ಇವರು ಹಾಗೆಯೇ ಹೋಳಿಗೆ ಬೇಡ ಬೇಡ ಎಂದಿದ್ದರು. ನನ್ನಮ್ಮ ಬಿಡದೆ ಬಡಿಸಿ, ಹುಡುಗ ಸಂಭಾವಿತ ಎಂದು ಒಳಗೆ ಬಂದು ಹೇಳಿದ್ದಳು.

ಆಫೀಸಿನಲ್ಲಿ ಇವರು ಹಾಗಿರಲಿಲ್ಲ. ಸಂಬಳ ಸಾಲದು ಎಂದು ಮೇಜು ಕುಟ್ಟಿ ಕೇಳಿದವರು. ಆದರೆ ಸಂಬಳದ ಮೇಲೆ ಇವರಿಗೆ ಪ್ರಾಣವಿರಲಿಲ್ಲ. ಇದರ ಮೇಲೆ ಇತ್ತು. ಅದಕ್ಕೇ ಅಪ್ಪ ಕಲಿಸಿದ ಮರ್ಯಾದೆ ನಾಲಿಗೆಗೆ ಬಂತು.

ಹೊರಡುವಾಗ ಇವರು ಕುಂಟುತ್ತಿದ್ದ ಒಂದು ಕುರಿಯನ್ನು ಹಿಡಿದು ಗೊರಸು ನೋಡುತ್ತಿದ್ದರು. ದಿವಾಕರ ಫೋಟೋ ತೆಗೆಯುತ್ತಿದ್ದರು. ರಮಾಮಣಿ ಕೈ ತೊಳೆಯಲು ಹೋಗಿದ್ದಳು. ನಾನು ಕಾರಿನ ಹತ್ತಿರ ಒಬ್ಬಳೇ ಇದ್ದೆ. ಡೇಲ್ ಕಾಲೆಳೆದುಕೊಂಡು ನನ್ನ ಹತ್ತಿರ ಬಂದ.

"ಒಂದು ಮಾತು," ಎಂದ. "ಸಿಡ್ ಹೂಂ ಅಂತಾನೆ ಅಂತಲೇ ನಾನು ಅಂದ್ಕೊಂಡಿದ್ದೆ. ಅವನು ನಿಜವಾಗಲೂ ಬೇಡ ಅಂದನಾ?"

ಒಂದು ಮಾತು ಸಾಕಿತ್ತು. ಇನ್ನೊಂದು ಸಲ ಕೇಳಿ, ನಮ್ಮಲ್ಲಿ ಹಾಗೆಯೇ, ಎಂದಿದ್ದರೆ ಮುಗಿದಿತ್ತು. ಬೇಲಿಯಾಚೆ ಇವರು ಮಣ್ಣಿನಲ್ಲಿ ಮಂಡಿಯೂರಿ, ಕುರಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಅದಕ್ಕೆ ಏನೋ ಹೇಳುತ್ತಿದ್ದರು. ನಾನು ನೋಡಿದೆ. ಹನ್ನೆರಡು ಮೈಲಿ ಆಚೆಯ ಹಾಲು ನೆನಪಾಯಿತು. ಆ ಸ್ವೀಟ್ ನೆನಪಾಯಿತು. ಮೂವತ್ತೈದು ವರ್ಷ ಗುಟ್ಟು ಕಾಪಾಡಿಕೊಂಡು ಬಂದದ್ದು ಇದಕ್ಕೋಸ್ಕರವೇ, ಎನ್ನಿಸಿತು.

"ಹೌದು, ನಿಜವಾಗಲೂ ಬೇಡವಂತೆ," ಎಂದೆ ಇಂಗ್ಲಿಷಿನಲ್ಲಿ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಹಿ ಈಸ್ ಅ ಮ್ಯಾನ್ ಆಫ್ ಹಿಸ್ ವರ್ಡ್," ಎಂದೂ ಸೇರಿಸಿದೆ.

ಡೇಲ್ ತಲೆಯಾಡಿಸಿದ. ಬೇಸರವಾಗಿತ್ತು ಅವನಿಗೆ, ಕಾಣುತ್ತಿತ್ತು.

ವಾಪಸು ಬರುವಾಗ ಇವರೇ ಡ್ರೈವ್ ಮಾಡಿದರು. ದಿವಾಕರ ದಂಪತಿಯನ್ನು ಇಳಿಸಿದ ಮೇಲೆ ಸ್ಟೀರಿಂಗ್ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದರು.

"ಫೋನ್ ಮಾಡ್ತಾನ ನೋಡು," ಎಂದರು. "ಎಲ್ಲಾರ ಮುಂದ ಒಮ್ಮೆಲೆ ಹೂಂ ಅನ್ನಾಕ ಆಕ್ಕೈತೇನು? ಇನ್ನೊಮ್ಮೆ ಕೇಳ್ತಾನ."

"ಹೂಂ," ಎಂದೆ.

ಸೋಮವಾರ ಫೋನು ಪಕ್ಕದಲ್ಲೇ ಇಟ್ಟುಕೊಂಡು ಉಪ್ಪಿಟ್ಟು ತಿಂದರು. ಸ್ನಾನಕ್ಕೆ ಹೋಗುವಾಗಲೂ ಫೋನು ಜೊತೆಗೆ. ಗುರುವಾರ ಅಪರಿಚಿತ ನಂಬರಿನಿಂದ ಕರೆ ಬಂತು, ಒದ್ದೆ ಕೈಯಲ್ಲೇ ಎತ್ತಿದರು. ಕಾರಿನ ವಾರಂಟಿ ಮಾರುವವನು. ಶನಿವಾರ ಬಂದಾಗ ನಾನೇ ಕೇಳಿದೆ, ಹೋಗುವುದಿಲ್ಲವೇ ಎಂದು.

"ಈಗ ಹೋದ್ರ ಬೇಡಾಕ ಬಂದಂಗ ಆಕ್ಕೈತಿ," ಎಂದರು. "ಅವನ ಕೇಳಲಿ."

ಎರಡನೆಯ ಶನಿವಾರವೂ ಹೋಗಲಿಲ್ಲ. ಅಲ್ಲಿ ಡೇಲ್ ಏನೆಂದುಕೊಂಡಿರುತ್ತಾನೆ? ಬೇಡ ಎಂದವನು ಬರುವುದನ್ನೂ ಬಿಟ್ಟ ಎಂದು. ನನಗೆ ಅದೂ ಹೊಳೆದಿತ್ತು. ಇಪ್ಪತ್ತು ದಿನ, ದಿನಕ್ಕೆ ಹತ್ತು ಸಲ ನಾನು ಬಾಯಿ ಬಿಡಬಹುದಿತ್ತು. ಡೇಲನ ನಂಬರು ಫ್ರಿಜ್ಜಿನ ಮೇಲೆ ಅಂಟಿಸಿದ ಚೀಟಿಯಲ್ಲೇ ಇತ್ತು. ನಾನು ಅದರ ಕೆಳಗಿನ ಬಾಗಿಲು ತೆಗೆದು ಮೊಸರು ತೆಗೆದುಕೊಳ್ಳುತ್ತಿದ್ದೆ, ಮುಚ್ಚುತ್ತಿದ್ದೆ. ತಾನಾಗಿ ಮರೆತುಹೋಗುತ್ತದೆ ಎಂದುಕೊಂಡಿದ್ದೆ. ಎಂಥ ಹೆಂಗಸು ನಾನು!

ಇಪ್ಪತ್ತೊಂದನೆಯ ದಿನ ಟ್ರಸ್ಟಿನ ತಿಂಗಳ ಈಮೇಲ್ ಬಂತು. ಇವರು ಅಡಿಗೆಮನೆಯ ಮೇಜಿನ ಹತ್ತಿರ ಓದುತ್ತಿದ್ದರು, ನಾನು ಒಗ್ಗರಣೆ ಹಾಕುತ್ತಿದ್ದೆ. ಕೊತ್ತಂಬರಿಗೆಂದು ಮೇಜಿನ ಕಡೆ ತಿರುಗಿದೆ. ಪರದೆಯ ಮೇಲೆ ಒಂದು ಫೋಟೋ. ಕಲ್ಲುಮನೆಯ ಜಗಲಿ, ಅದರ ಮೇಲೆ ಸಾರಾ ಎಂಬ ಇಪ್ಪತ್ತೊಂಬತ್ತು ವರ್ಷದ ಹುಡುಗಿ, ಪಕ್ಕದಲ್ಲಿ ಡೇಲ್. ಕುರಿಗಳ ಹೊಸ ಉಸ್ತುವಾರಿ ಇವಳದು ಎಂದು ಕೆಳಗೆ ಬರೆದಿತ್ತು.

ಇವರು ಫೋನ್ ಮಾಡಿದರು. ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವ ಅಭ್ಯಾಸ.

"ಡೇಲ್, ಈಮೇಲ್ ನೋಡಿದೆ," ಎಂದರು. ಇಂಗ್ಲಿಷು ತಡವರಿಸುತ್ತಿತ್ತು. "ನೀನು... ನನ್ನನ್ನ ಇನ್ನೊಂದು ಸಲ ಕೇಳ್ತೀಯ ಅಂತ ಇದ್ದೆ."

"ಎರಡು ಸಲ ಕೇಳಿದೆನಲ್ಲ, ಸಿಡ್. ಆಮೇಲೆ ನಿನ್ನ ಹೆಂಡತಿಯನ್ನೂ ಕೇಳಿದೆ. ನಿಜವಾಗಲೂ ಬೇಡ ಅಂದಳು. ನೀನು ಮಾತಿಗೆ ತಪ್ಪೋ ಮನುಷ್ಯ ಅಲ್ಲ ಅಂದಳು," ಎಂದ ಡೇಲ್. "ನಿನಗೆ ಬೇಕಿತ್ತಾ?"

ಸಾಸಿವೆ ಕರಕಲಾಗುತ್ತಿತ್ತು. ನಾನು ಒಲೆ ಆರಿಸಲಿಲ್ಲ.

"ಇಲ್ಲ ಇಲ್ಲ," ಎಂದರು ಇವರು. "ಕಲಾ ಹೇಳಿದ್ದು ಸರಿ. ಆ ಹುಡುಗಿಗೆ ಶುಭಾಶಯ ಹೇಳು. ಆ ಕುಂಟು ಕುರಿಯ ಮುಂಗಾಲು, ಎಡಗಡೆದು, ವಾರಕ್ಕೊಮ್ಮೆ ನೋಡು ಅನ್ನು."

ಫೋನ್ ಇಟ್ಟರು. ಎದ್ದು ಬಂದು ಒಲೆ ಆರಿಸಿದರು. ನನ್ನ ಎದುರಿಗೆ ನಿಂತರು. ಬೈಯುತ್ತಾರೆ ಎಂದುಕೊಂಡೆ. ಬೈದರೆ ನಾನೂ ಬೈಯಲು ಎಲ್ಲ ಜೋಡಿಸಿಟ್ಟುಕೊಂಡಿದ್ದೆ: ಕರಡಿ, ಕಟ್ಟಿಗೆ, ಹಾಲು, ನನ್ನ ವಯಸ್ಸು, ನನ್ನನ್ನು ಒಂದು ಮಾತು ಸರಿಯಾಗಿ ಕೇಳದೆ ಗೋಡೆ ತಟ್ಟಿದ್ದು.

"ನಿನ್ನ ಕೇಳಿದ್ನಂತ," ಎಂದರು.

"ಹೂಂ."

"ನಿನಗ ತಿಳೀಲಿಲ್ಲೇನ, ನಾ ಯಾಕ ಹಂಗ ಅಂದೆ ಅಂತ?"

ಮಾತು ಮೆತ್ತಗಿತ್ತು. ತಿಳಿಯಲಿಲ್ಲ ಎನ್ನು ಎಂದು ಬೇಡುತ್ತಿದ್ದಂತೆ ಕೇಳಿಸಿತು.

"ಇಲ್ಲ ರೀ," ಎಂದೆ. "ನೀವು ನಿಜವಾಗ್ಲೂ ಬೇಡ ಅಂದ್ರಿ ಅಂತಲೇ ಅಂದ್ಕೊಂಡೆ."

ಇವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೂಂ ಎಂದು ತಲೆಯಾಡಿಸಿದರು.

"ನಂದ ತಪ್ಪು," ಎಂದರು. "ಬೇಕು ಅಂತ ಬಾಯ್ಬಿಟ್ಟು ಹೇಳಬೇಕಿತ್ತು. ಅವಂಗರ ಹೆಂಗ ಗೊತ್ತಾಗಬೇಕು? ನಿನಗರ ಹೆಂಗ ಗೊತ್ತಾಗಬೇಕು?"

ನನಗೆ ಅಳು ಬಂತು. ತಡೆಯಲು ಆಗಲಿಲ್ಲ. ಬಾಣಲೆ ಹಿಡಿದುಕೊಂಡೇ ಅತ್ತೆ. ಇವರು ಅದನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟು, ಬೆನ್ನು ಸವರಿದರು.

"ಅಳಬ್ಯಾಡ, ಕಲಾ. ಹೋತು ಬಿಡು," ಎಂದರು. "ನೀ ಏನ ಬೇಕಂತ ಮಾಡೀಯೇನು?"

ಇಲ್ಲ ಎಂದು ತಲೆಯಾಡಿಸಿದೆ.